ಅಮಾಸಿ ಕೆಲಸ

ತಿಂಗಳಿಗೊಮ್ಮೆ, ಅಮಾಸಿ ದಿವಸ,
ಧಾರವಾಡದಿಂದ ಚಿಗರಿ ಬಸ್ಸು ಹತ್ತುತ್ತೇನೆ.
ಉಣಕಲ್ ಕೆರೆ ದಾಟುವಷ್ಟರಲ್ಲಿ
ಪಾಸ್‌ವರ್ಡ್ ಒಮ್ಮೆ ಮನಸ್ಸಿನಲ್ಲೇ ಹೇಳಿಕೊಂಡಾಗಿರುತ್ತದೆ.
ಮನೆಯಲ್ಲೇ ಕೂತು ಮಾಡಬಹುದಾದ ಕೆಲಸ.
ಧರಣೆಪ್ಪ ಹೋತಪೇಟಿ ಒಪ್ಪುವುದಿಲ್ಲ:
"ಅಂಗಡಿ ಕೆಲಸಾ ಅಂಗಡ್ಯಾಗ ಕುಂತು ಮಾಡಬೇಕವ್ವಾ."

ದುರ್ಗದಬೈಲಿನ ಹಿಂದಿನ ಗಲ್ಲಿ, ಮೂರು ಮೆಟ್ಟಿಲು,
ತೊಲೆಗೆ ನೇತುಬಿದ್ದ ಹಿತ್ತಾಳೆ ತಕ್ಕಡಿಗಳು.
ಅವತ್ತು ವ್ಯಾಪಾರವಿಲ್ಲ.
ಅವರದೊಂದು ಮೂಲೆ, ನನ್ನದೊಂದು.
ಅವರ ಕೈಯಲ್ಲಿ ಹಳೆ ಧೋತರದ ಚೂರು, ಹೊಲಿಗೆ ಮಶೀನಿನ ಎಣ್ಣೆ;
ನನ್ನ ಮುಂದೆ ಹದಿನಾಲ್ಕು ಅಪ್‌ಡೇಟು.
ಅವರು ತೂಕದ ಕಲ್ಲು ಮಗುಚಿ
ತಳದ ಸೀಸದಲ್ಲಿ ಒತ್ತಿದ ಸರಕಾರಿ ಮುದ್ರೆಯ ಇಸವಿ ಓದುತ್ತಾರೆ,
ನಾನು ಸರ್ಟಿಫಿಕೇಟಿನ ಆಯುಷ್ಯ ಎಷ್ಟು ದಿನ ಉಳಿಯಿತೆಂದು.
ಮೊದಲು ಬ್ಯಾಕಪ್. ಆಮೇಲೆ ಮುರಿದ ಕೊಂಡಿಗಳು.
ಹೋದ ವರ್ಷದ ದೀಪಾವಳಿ ರಿಯಾಯಿತಿ
ಮುಖಪುಟದಲ್ಲಿ ಇನ್ನೂ ಉರಿಯುತ್ತಿದ್ದರೆ ಆರಿಸುತ್ತೇನೆ.
ಎಲ್ಲಿಯದೋ ಒಂದು ಯಂತ್ರ ರಾತ್ರಿಯಿಡೀ ಬಾಗಿಲು ಬಡಿದಿದೆ,
ಆರುನೂರ ಹನ್ನೆರಡು ಸಲ, ಅಷ್ಟೂ ಸಲ ತಪ್ಪು ಕೀಲಿ.
"ಯಾರಂತ?"
"ಯಾರೂ ಅಲ್ರೀ."
"ಯಾರೂ ಅಲ್ಲದಾಂವಗ ಇಷ್ಟ್ಯಾಕ ಹಠಾ?"

ಕೊನೆಗೆ ಸಂಪರ್ಕದ ಪುಟಕ್ಕೆ ಹೋಗಿ ನಾನೇ ಗಿರಾಕಿಯಾಗುತ್ತೇನೆ.
ಹೆಸರು: ಪರೀಕ್ಷೆ. ಊರು: ಪರೀಕ್ಷೆ. ಏನು ಬೇಕು: ಪರೀಕ್ಷೆ.
ಅವರು ಬರಿದಾದ ಪರಡಿ ಎತ್ತಿ ಹಿಡಿದು ಮುಳ್ಳು ನೋಡುವ ಹಾಗೆ.
ಏನೂ ಇಡದೆ ತೂಗುವುದೇ ಮೊದಲ ತೂಕ
ಎನ್ನುತ್ತಾರೆ.

ಹೋದ ಎರಡು ಅಮಾಸಿ ನಾನು ಬರಲಿಲ್ಲ.
ಒಂದು ಸಲ ತಂಗಿಯ ಹೆರಿಗೆ.
ಇನ್ನೊಂದು ಸಲ, ಸುಳ್ಳೇಕೆ, ಬೇಸರ.
ಮನೆಯಲ್ಲೇ ಗುಂಡಿ ಒತ್ತಿ, ಹಸಿರು ಗುರುತು ಕಂಡು, ಮುಚ್ಚಿಟ್ಟೆ.
ಪರೀಕ್ಷೆಯನ್ನು ಕಳಿಸಿದೆ. ಮುಟ್ಟಿತೇ ಎಂದು ನೋಡಲಿಲ್ಲ.

ಮೊನ್ನೆ ಫೋನು:
"ಯವ್ವಾ, ಆ ಪರೀಕ್ಷೆ ಅನ್ನಾಂವ
ತಿಂಗಳಾ ತಪ್ಪಲಾರದ ಬರೀತಿದ್ದ.
ಒಂದ್ ಕಲ್ಲೂ ಕೊಂಡಾಂವಲ್ಲ ಖರೆ, ಮರೀತಿದ್ದಿಲ್ಲ.
ಎರಡು ತಿಂಗಳಾತು, ಸುದ್ದಿಲ್ಲ.
ಆರಾಮ ಅದಾನಿಲ್ಲೊ?"

ನಗು ಬಂತು, ಅರ್ಧಕ್ಕೇ ನಿಂತಿತು.

ಇವತ್ತು ಬಂದು ಹುಡುಕಿದೆ.
ನಾನೇ ಒತ್ತಿದ ಒಂದು ಅಪ್‌ಡೇಟು ಟಪಾಲಿನ ದಾರಿ ಕಡಿದಿತ್ತು.
ಬಂದವರಿಗೆಲ್ಲ "ಧನ್ಯವಾದ, ನಿಮ್ಮ ಸಂದೇಶ ತಲುಪಿದೆ" ಎನ್ನುತ್ತ
ಪುಟವು ಒಂದೊಂದನ್ನೂ ತಳಕ್ಕೆ ತಳ್ಳಿ ಕೂತಿತ್ತು.
ಹನ್ನೊಂದು ಕಾಗದ.
ಎರಡು ನನ್ನವೇ. ನಾಲ್ಕು ಕಸ. ಇನ್ನೆರಡಕ್ಕೆ ಬರೀ ರೇಟು ಬೇಕು.
ಬ್ಯಾಡಗಿಯ ಮೆಣಸಿನಕಾಯಿ ದಲಾಲರಿಗೆ ನೂರು ಕಿಲೋದ ಕಾಂಟಾ,
ನರಗುಂದದ ಶಾಲೆಗೆ ಗ್ರಾಮುಗಳ ಸಣ್ಣ ಪೆಟ್ಟಿಗೆ.
ಉಳಿದದ್ದು ಶಿಗ್ಗಾಂವಿಯ ಹುಸೇನಬಿ ಗುಡಗೇರಿಯದು:

"ನಿಮ್ಮಲ್ಲಿ ತಗೊಂಡ ತಕ್ಕಡಿ, ನಮ್ಮತ್ತಿ ಕಾಲದ್ದು.
ಬಲಕ್ಕ ವಾಲತೈತಿ. ಗಿರಾಕಿಗೆ ಹೆಚ್ಚು ಹೊಕ್ಕೈತೊ
ಕಡಿಮಿ ಹೊಕ್ಕೈತೊ ತಿಳೀವಲ್ದು.
ಅದಕ್ಕ ಎಣಿಸಿ ಮಾರೂದಷ್ಟ ಮಾರಾಕತ್ತೇನಿ,
ನಿಂಬಿಹಣ್ಣು, ತೆಂಗಿನಕಾಯಿ.
ರಿಪೇರಿ ಆಕ್ಕೈತೇನು ಲಗೂನ ತಿಳಸ್ರಿ."

ನಲವತ್ತಮೂರು ದಿನದ ಹಿಂದಿನದು.

ಓದಿ ಹೇಳಿದೆ. ಧರಣೆಪ್ಪ ಎಣ್ಣೆಬಟ್ಟೆ ಕೆಳಗಿಟ್ಟರು.
ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.
ಸ್ವಲ್ಪ ಹೊತ್ತಿಗೆ,
"ಉತ್ತರಾ ಬರಿ. ತಡಾ ಆತು ಅಂತ ಮೊದಲ ಬರಿ.
ನಾಳೆ ನಾನ ಬರ್ತೇನಿ ಅಂತ ಬರಿ.
ಯಂತ್ರದ ತಪ್ಪು ಅಂತ ಬರೀಬ್ಯಾಡ."

ಬರೆದೆ. ಕಡಿದ ದಾರಿ ಕೂಡಿಸಿದೆ.
ಮತ್ತೆ ಗಿರಾಕಿಯಾಗಲು ಹೋದರೆ ಹೆಸರಿನ ಖಾನೆಯಲ್ಲಿ ಬೆರಳು ನಿಂತಿತು.
ವೈಜಯಂತಿ ಕಲಘಟಗಿ ಎಂದು ಹಾಕಿದೆ. ಊರು: ಧಾರವಾಡ.
ಏನು ಬೇಕು ಎಂಬಲ್ಲಿ ಬೇರೇನೂ ಹೊಳೆಯದೆ
"ಆರಾಮ ಅದೇನಿ" ಎಂದು ಬರೆದು ಒತ್ತಿದೆ.

ಆಚೆ ಮೂಲೆಯಲ್ಲಿ, ಅಂಗಿಯ ಕಿಸೆಯೊಳಗೆ, ಸಣ್ಣ ಸದ್ದು.
ಎಣ್ಣೆಗೈಯಲ್ಲೇ ಕನ್ನಡಕ ಹುಡುಕುತ್ತಿದ್ದಾರೆ.